ಎರಡು ಗುಂಡಿನ ಸಿನಿಮಾ

ಮೊನ್ನೆ ಮೆಣಸು ತುಂಬಲು ಒಂದು ಗಟ್ಟಿ ಗೋಣಿಚೀಲ ಬೇಕೆಂದು ಅಟ್ಟ ಹತ್ತಿದೆ. ಮೂಲೆಯಲ್ಲಿ ಒಂದು ಚೀಲ ಬಾಯಿ ಹೊಲಿಸಿಕೊಂಡು ಕೂತಿತ್ತು. ಹೊಲಿಗೆ ಬಿಚ್ಚಿ ನೋಡಿದರೆ ನನ್ನ ಸ್ಪೀಕರ್! ಸೊಂಟದೆತ್ತರದ ಕರಿಯ ಸ್ಪೀಕರ್. ಧೂಳು ಒರೆಸಲು ಕೈ ಎತ್ತಿದ್ದೇ ತಡ, ಕೆಳಗಿನಿಂದ ನನ್ನ ಹೆಂಡತಿ ಸರೋಜ ಕೂಗಿದಳು: "ಅದನ್ನ ಮುಟ್ಬೇಡಿ. ಊರೋರ ಹತ್ರ ಉಗಿಸ್ಕೊಂಡಿದ್ದು ಸಾಕಾಗ್ಲಿಲ್ವಾ?"

ಅಟ್ಟದ ಮೇಲೆ ನಾನು ಮುಟ್ಟಿದ್ದು ಏನೆಂದು ಅಡುಗೆಮನೆಯಲ್ಲಿದ್ದವಳಿಗೆ ಹೇಗೆ ತಿಳಿಯಿತು? ಹೆಂಡತಿಯರ ಈ ವಿದ್ಯೆಯ ಬಗ್ಗೆ ಬೇರೆಯೇ ಬರೆಯಬೇಕು. ಈಗ ಬೇಡ, ಈಗ ನನಗೆ ಸಿಟ್ಟು ಬಂದಿದೆ. ಒಬ್ಬ ಮನುಷ್ಯ ತನ್ನ ಮನೆಯಲ್ಲಿ, ತನ್ನ ಜಗಲಿಯಲ್ಲಿ, ತನಗಿಷ್ಟವಾದ ಒಂದು ಯುದ್ಧದ ಸಿನಿಮಾವನ್ನು ನೆಟ್ಟಗೆ ಕೊನೆಯವರೆಗೆ ನೋಡಬೇಕೆಂದು ಬಯಸುವುದು ಅಷ್ಟು ದೊಡ್ಡ ಅಪರಾಧವೇ? ನೀವೇ ಹೇಳಿ. ಹೇಳುವ ಮೊದಲು ಪೂರ್ತಿ ಕೇಳಿ, ಅಷ್ಟೆ.

ನಾನು ರೈಟರ್. ಹಾಗೆಂದ ಕೂಡಲೇ ಕಥೆ, ಕವಿತೆ ಎಂದು ತಿಳಿಯಬೇಡಿ. ಕಾಫಿ ಎಸ್ಟೇಟಿನಲ್ಲಿ ಆಳುಗಳ ಹಾಜರಿ ಹಾಕಿ, ಯಾರು ಎಷ್ಟು ಹಣ್ಣು ಪಿಕಿಂಗ್ ಮಾಡಿದರೆಂದು ಬರೆದಿಡುವವನನ್ನು ನಮ್ಮಲ್ಲಿ ರೈಟರ್ ಎನ್ನುತ್ತಾರೆ. ಮಾದಾಪುರದ ಕಡೆಯ ಒಂದು ಎಸ್ಟೇಟಿನಲ್ಲಿ ಆ ಕೆಲಸ ಮಾಡಿ ಈಗ ಬಿಟ್ಟಿದ್ದೇನೆ, ಹೆಸರು ಮಾತ್ರ ನನ್ನನ್ನು ಬಿಟ್ಟಿಲ್ಲ. ನಮ್ಮಪ್ಪ ಹಾಸನದ ಕಡೆಯಿಂದ ಬಂದು ಇಲ್ಲಿ ನೆಲೆಸಿದವರು. ನಮ್ಮ ಸುತ್ತಲಿನ ಯಾವ ಕೊಡವರ ಮನೆಗೆ ಹೋದರೂ ಗೋಡೆಯ ಮೇಲೆ ಯೂನಿಫಾರ್ಮಿನ ಫೋಟೋ ಇರುತ್ತದೆ. ಅಪ್ಪನದೋ, ಮಾವನದೋ, ಹೋದ ವರ್ಷ ಸೇರಿದ ಮೊಮ್ಮಗನದೋ. ನಮ್ಮ ಗೋಡೆಯ ಮೇಲೆ ಇರುವುದು ನನ್ನ ಅಜ್ಜನ ಫೋಟೋ. ಅವರ ಕೈಯಲ್ಲಿರುವುದು ಕೊಡೆ.

ಇಂಥ ಕೊಡೆ ವಂಶದಲ್ಲಿ ಹುಟ್ಟಿದ ನನಗೇ ಯುದ್ಧದ ಸಿನಿಮಾದ ಹುಚ್ಚು ಹತ್ತಬೇಕೆ? ಹತ್ತಿತು. ನಾನು ಚಿಕ್ಕವನಿದ್ದಾಗ ವರ್ಷಕ್ಕೊಮ್ಮೆ ಒಂದು ಜೀಪು ಬಂದು, ಶಾಲೆಯ ಮೈದಾನದಲ್ಲಿ ಎರಡು ಗಳ ನೆಟ್ಟು, ಬಿಳಿ ಪರದೆ ಕಟ್ಟಿ ಸಿನಿಮಾ ತೋರಿಸುತ್ತಿತ್ತು. ಮುಂದಿನ ಜಾಗವೆಲ್ಲ ದೊಡ್ಡವರಿಗೆ. ನಾವು ಹುಡುಗರು ಪರದೆಯ ಹಿಂದೆ ಕೂರುತ್ತಿದ್ದೆವು. ಹಿಂದಿನಿಂದಲೂ ಚಿತ್ರ ಚೆನ್ನಾಗಿಯೇ ಕಾಣುತ್ತದೆ, ಎಡ ಬಲ ಅದಲುಬದಲು ಅಷ್ಟೆ. ಆ ಅದಲುಬದಲು ನನಗೆ ಗೊತ್ತಿರಲಿಲ್ಲ. ನಾನು ಕಂಡ ಸೈನಿಕರೆಲ್ಲ ಎಡಗೈಯಲ್ಲೇ ಸೆಲ್ಯೂಟ್ ಹೊಡೆದರು, ಎಡಗೈಯಲ್ಲೇ ಗ್ರನೇಡ್ ಎಸೆದರು. ಮಾರನೆಯ ದಿನ ಬೆಳಿಗ್ಗೆ ಧ್ವಜದ ಮುಂದೆ ನಾನು ಎದೆಯುಬ್ಬಿಸಿ ಎಡಗೈಯಲ್ಲಿ ಸೆಲ್ಯೂಟ್ ಹೊಡೆದೆ. ನನ್ನ ಸಾಲಿನ ಹುಡುಗರೆಲ್ಲ ಹಾಗೇ ಹೊಡೆದರು. ಡ್ರಿಲ್ ಮೇಷ್ಟ್ರು ಬೆತ್ತ ತಂದು, ಯಾವ ಕೈ ಎತ್ತಿದ್ದೆವೋ ಅದೇ ಕೈ ಮುಂದೆ ಚಾಚಲು ಹೇಳಿದರು. ಯುದ್ಧದ ಸಿನಿಮಾದಿಂದ ನನಗಾದ ಮೊದಲ ಗಾಯ ಅದು.

ಆಮೇಲೆ ಎಷ್ಟೋ ನೋಡಿದೆ. ನಮ್ಮ ದೇಶದ್ದು, ಬೇರೆ ದೇಶದ್ದು, ಭಾಷೆ ಅರ್ಥವಾಗದ್ದು. ನನ್ನನ್ನು ಕೇಳಿದರೆ, ಯುದ್ಧದ ಸಿನಿಮಾದಲ್ಲಿ ನೆನಪು ಉಳಿಯುವುದು ಯುದ್ಧವಲ್ಲ. ಒಂದರಲ್ಲಿ ಒಬ್ಬ ತನ್ನ ಒದ್ದೆ ಕಾಲುಚೀಲವನ್ನು ಬಂದೂಕಿನ ನಳಿಗೆಯ ಮೇಲೆ ಒಣಗಲು ಹಾಕುತ್ತಾನೆ. ಗುಂಡು ಹಾರಿಸಬೇಕಾಗಿ ಬಂದಾಗ ಮೊದಲು ಕಾಲುಚೀಲ ತೆಗೆದು ಜೇಬಿಗೆ ಹಾಕಿಕೊಳ್ಳುತ್ತಾನೆ. ಅಲ್ಲಿ ಯಾರು ಗೆದ್ದರು ಎನ್ನುವುದು ನನಗೆ ಮರೆತೇಹೋಗಿದೆ, ಕಾಲುಚೀಲ ಮರೆತಿಲ್ಲ. ಇನ್ನೊಂದರಲ್ಲಿ ಅಡುಗೆಯವನು ಅನ್ನದ ಪಾತ್ರೆ ಹೊತ್ತು ಗುಡ್ಡ ಹತ್ತಿ ಬರುವಷ್ಟರಲ್ಲಿ ಉಣ್ಣುವವರು ಅರ್ಧಕ್ಕರ್ಧ ಕಡಿಮೆಯಾಗಿರುತ್ತಾರೆ. ಅವನು ಉಳಿದವರಿಗೆ ಎರಡೆರಡು ಪಾಲು ಬಡಿಸುತ್ತಾನೆ, ಯಾರೂ ಉಣ್ಣುವುದಿಲ್ಲ. ಅದನ್ನು ನೋಡಿ ಎರಡು ದಿನ ನನಗೆ ಊಟ ಸೇರಲಿಲ್ಲ.

ಈಗಿನವು ಬಿಡಿ. ನಾಯಕ ಕೆಸರಿನಲ್ಲಿ ಉರುಳಿ ಎದ್ದರೂ ಕ್ರಾಪು ಕದಲುವುದಿಲ್ಲ. ಹಿಮದಲ್ಲಿ ನಿಂತವನ ಹಲ್ಲು ಕಟಕಟ ಎನ್ನಬೇಕೋ ಬೇಡವೋ? ಇವನು ಒಂದು ಪುಟ ಭಾಷಣ ಬಿಗಿಯುತ್ತಾನೆ! ಎದುರಿನವನೂ ಗುಂಡು ಹಾರಿಸುವುದನ್ನು ಬಿಟ್ಟು ಸಭೆಯಲ್ಲಿ ಕೂತ ಹಾಗೆ ಕೇಳುತ್ತಾನೆ. ಅಯ್ಯೋ ನಿಮ್ಮ, ಎಂದು ನಾನು ಬೈದರೆ ಸರೋಜ, "ಅವ್ರಿಗೆ ಕೇಳ್ಸಲ್ಲ ಕಣ್ರೀ, ಬಿಪಿ ಏರೋದು ನಿಮ್ಗೆ" ಎನ್ನುತ್ತಾಳೆ.

ಅವಳ ಜೊತೆ ಸಿನಿಮಾ ನೋಡುವುದೂ ಒಂದು ಶಿಕ್ಷೆ. ಸೈನಿಕ ಜೇಬಿನಿಂದ ಹೆಂಡತಿಯದೋ ಮಗುವಿನದೋ ಫೋಟೋ ತೆಗೆದನೋ ಇಲ್ಲವೋ, "ಮುಗೀತು, ಇನ್ನು ಇವ್ನು ಉಳಿಯಲ್ಲ" ಎಂದು ಒಳಗೆ ಎದ್ದು ಹೋಗುತ್ತಾಳೆ. ಹೇಳಿದ ಹಾಗೇ ಅವನು ಸಾಯುತ್ತಾನೆ. ಇಷ್ಟು ವರ್ಷಗಳಲ್ಲಿ ಒಮ್ಮೆಯೂ ಅವಳ ಮಾತು ಸುಳ್ಳಾಗಿಲ್ಲ, ಅದೇ ನನ್ನ ಹೊಟ್ಟೆಯುರಿ.

ಹೀಗಾಗಿ ನನಗೆ ಸಿಕ್ಕ ಜೊತೆಗಾರರು ಚಂಗಪ್ಪಜ್ಜ. ನಮ್ಮ ಮನೆಯ ಮೇಲಿನ ದಿಬ್ಬದಲ್ಲಿ ಅವರ ಮನೆ. ಸುಬೇದಾರರಾಗಿ ನಿವೃತ್ತರಾದವರು. ಹರೆಯದಲ್ಲಿ ನಿಜವಾದ ಯುದ್ಧದಲ್ಲಿ ಮೊಣಕಾಲಿಗೆ ಗುಂಡು ತಿಂದು ಬಂದವರು. ಮಗ, ಸೊಸೆ, ಮೊಮ್ಮಕ್ಕಳು, ಎಲ್ಲ ಇರುವ ತುಂಬಿದ ಮನೆ, ಆದರೆ ಅಲ್ಲಿ ಟಿವಿ ಮೊಮ್ಮಕ್ಕಳ ಕೈಯಲ್ಲಿ. ಆದ್ದರಿಂದ ಪ್ರತಿ ಭಾನುವಾರ ಮಧ್ಯಾಹ್ನ ಕೋಲೂರಿಕೊಂಡು, "ರೈಟ್ರೇ, ಇವತ್ತು ಯುದ್ಧ ಎಂತದೂ ಇಲ್ವಾ?" ಎಂದು ಮೆಟ್ಟಿಲು ಇಳಿದು ಬರುತ್ತಾರೆ.

ನಿಜವಾದ ಯುದ್ಧ ಕಂಡವರು ಪಕ್ಕದಲ್ಲಿ ಕೂತರೆ, ಅದು ಸರಿಯಿಲ್ಲ ಇದು ಸರಿಯಿಲ್ಲ ಎಂದು ತಲೆ ತಿನ್ನುತ್ತಾರೆಂದು ನೀವು ಅಂದುಕೊಂಡಿರಬಹುದು. ನಾನೂ ಹಾಗೇ ಅಂದುಕೊಂಡಿದ್ದೆ. ತಿಂದಿದ್ದರೆ ಚೆನ್ನಾಗಿತ್ತು. ಅವರು ನಿದ್ದೆ ಮಾಡುತ್ತಾರೆ! ಫಿರಂಗಿ ಶುರುವಾಯಿತೋ, ಈಸಿ ಚೇರಿನಲ್ಲಿ ಕತ್ತು ಹಿಂದಕ್ಕೆ ಬಿತ್ತು, ಬಾಯಿ ತೆರೆಯಿತು, ಗೊರಕೆ. ಬಾಂಬು, ಟ್ಯಾಂಕು, ವಿಮಾನ, ಯಾವುದಕ್ಕೂ ಎಚ್ಚರವಿಲ್ಲ. ಗದ್ದಲ ನಿಂತು ಒಬ್ಬ ಸಿಪಾಯಿ ಮೆಲ್ಲಗೆ ಬೀಡಿ ಹಚ್ಚಿದನೋ, ತಟ್ಟನೆ ಕಣ್ಣು ಬಿಟ್ಟು, "ಎಂತಾಯ್ತು? ಯಾಕೆ ಸುಮ್ಮನಾದ್ರು?" ಎಂದು ಕೇಳುತ್ತಾರೆ. ಅಷ್ಟು ಹೊತ್ತಿನ ಕಥೆಯನ್ನೆಲ್ಲ ನಾನು ಹೇಳಬೇಕು. ಹೇಳಿ ಮುಗಿಸುವಷ್ಟರಲ್ಲಿ ಮತ್ತೆ ಫಿರಂಗಿ, ಮತ್ತೆ ಗೊರಕೆ.

ಆಗೆಲ್ಲ ಅವರು ಎಚ್ಚರವಿದ್ದ ಹೊತ್ತಿನಲ್ಲೂ ಕೇಳುತ್ತಿದ್ದುದು ಸಿನಿಮಾದ ಮಾತಲ್ಲ. "ಕೆಳಗೆ ಅವನ ಕೆಮ್ಮು ಹೇಗುಂಟಂತೆ?" ಎಂದು ಗೋಡೆ ನೋಡಿಕೊಂಡು ಕೇಳುತ್ತಿದ್ದರು. ಅವನು ಎಂದರೆ ಬೆಳ್ಯಪ್ಪಜ್ಜ.

ಬೆಳ್ಯಪ್ಪಜ್ಜನ ಮನೆ ಇಳಿಜಾರಿನ ಕೆಳಗೆ, ಗದ್ದೆಯ ಅಂಚಿನಲ್ಲಿ. ಇಬ್ಬರೂ ಒಟ್ಟಿಗೆ ಶಾಲೆಗೆ ಹೋದವರು, ಒಟ್ಟಿಗೆ ಸೈನ್ಯಕ್ಕೆ ಸೇರಿದವರು, ಒಂದೇ ಗುಡ್ಡದ ಮೇಲೆ ಒಂದೇ ಯುದ್ಧ ಮಾಡಿದವರು. ಊರಿಗೆ ಬಂದ ಮೇಲೂ ಒಬ್ಬರ ನಾಯಿ ಇನ್ನೊಬ್ಬರ ಮನೆಯಲ್ಲಿ ಅನ್ನ ತಿನ್ನುವಷ್ಟು ಬಳಕೆ. ಆ ಸ್ನೇಹವನ್ನು ಕೊಂದದ್ದು ಒಂದು ಯುದ್ಧದ ಸಿನಿಮಾ ಎಂದರೆ ನೀವು ನಂಬಬೇಕು.

ಸೋಮವಾರಪೇಟೆಯ ಟಾಕೀಸಿಗೆ ಒಂದು ಸಿನಿಮಾ ಬಂದಿತ್ತು. ಊರಿನ ನಿವೃತ್ತ ಸೈನಿಕರೆಲ್ಲ ಒಂದು ಜೀಪು ಮಾಡಿಕೊಂಡು ಹೋಗಿ ಒಂದೇ ಸಾಲಿನಲ್ಲಿ ಕೂತರು. ಅದರಲ್ಲಿ ನಾಯಕನ ಗೆಳೆಯನಿಗೆ ಗುಂಡು ತಾಗುತ್ತದೆ. "ನನ್ನನ್ನು ಬಿಟ್ಟು ಹೋಗು" ಎನ್ನುತ್ತಾನೆ. ನಾಯಕ ಹೋಗಬೇಕಲ್ಲ? ಹೋಗುವುದಿಲ್ಲ. ಗುಂಡುಗಳ ನಡುವೆ ನಿಂತು ಅಳುತ್ತಾ ಒಂದು ಉದ್ದದ ಹಾಡು ಹಾಡಿ ಆಮೇಲೆ ಹೋಗುತ್ತಾನೆ. ಟಾಕೀಸೆಲ್ಲ ಮೂಗು ಒರೆಸಿಕೊಳ್ಳುತ್ತಿದ್ದಾಗ ಚಂಗಪ್ಪಜ್ಜ ಕತ್ತಲಲ್ಲಿ ಗಟ್ಟಿಯಾಗಿ ಹೇಳಿದರಂತೆ: "ನೋಡ್ರೋ, ಈ ಪುಣ್ಯಾತ್ಮ ಬಿಟ್ಟು ಹೋಗುವಾಗ ಒಂದು ಹಾಡಾದ್ರೂ ಹೇಳ್ದ. ನನ್ನನ್ನ ಬಿಟ್ಟು ಹೋದವ ಅದನ್ನೂ ಹೇಳ್ಲಿಲ್ಲ!"

ಸಾಲಿಗೆ ಸಾಲೇ ನಕ್ಕಿತು. ಬೆಳ್ಯಪ್ಪಜ್ಜ ಎದ್ದು, ಎಲ್ಲರ ಕಾಲು ದಾಟಿ ಹೊರಗೆ ಹೋದವರು, ಬಸ್ಸು ಹಿಡಿದು ಒಬ್ಬರೇ ಊರಿಗೆ ಬಂದರು. ಆ ದಿನದಿಂದ ಚಂಗಪ್ಪಜ್ಜನ ಜೊತೆ ಮಾತು ನಿಂತಿತು. ಅಷ್ಟಕ್ಕೇ ನಿಂತಿದ್ದರೆ ಸರಿ. ನಮ್ಮ ಊರಿನಲ್ಲಿ ಬೆಳ್ಯಪ್ಪಂದಿರು ಬಹಳ. ಯಾವ ಬೆಳ್ಯಪ್ಪ ಎಂದು ಗುರುತು ಹೇಳಬೇಕಲ್ಲ? 'ಬಿಟ್ಟು ಬಂದ ಬೆಳ್ಯಪ್ಪ' ಎಂದು ಯಾರೋ ಹೇಳಿದರು, ಅದೇ ನಿಂತಿತು. ಈಗಿನ ಹುಡುಗರಿಗೆ ಯಾರನ್ನು ಬಿಟ್ಟರು, ಎಲ್ಲಿ ಬಿಟ್ಟರು, ಏನೂ ಗೊತ್ತಿರಲಿಲ್ಲ. "ಬಿಟ್ಟು ಬಂದ ಬೆಳ್ಯಪ್ಪಜ್ಜನ ಗೇಟಿನ ಹತ್ರ ಬೈಕ್ ನಿಲ್ಸು" ಎನ್ನುತ್ತಿದ್ದರು, ಅಜ್ಜನ ಕಿವಿಗೆ ಬೀಳುವ ಹಾಗೆಯೇ.

"ತಮಾಷೆಗೆ ಅಂದದ್ದು ಮಾರಾಯ, ಅಷ್ಟಕ್ಕೆಲ್ಲ ಕೋಪ ಮಾಡಿದ್ರೆ!" ಎಂದು ಚಂಗಪ್ಪಜ್ಜ ನನ್ನ ಹತ್ತಿರ ಹೇಳುತ್ತಿದ್ದರು. ಹೋಗಿ ಅವರ ಹತ್ತಿರವೇ ಹೇಳಿ ಎಂದರೆ, "ಅವನೇ ಬರ್ಲಿ" ಎನ್ನುತ್ತಿದ್ದರು. ನಾನು ಹಾಲು ತರಲು ಹೋದಾಗ ಗೇಟಿನಲ್ಲಿ ನಿಂತ ಬೆಳ್ಯಪ್ಪಜ್ಜ, "ಮೇಲಿನ ಕುಂಟ ಇನ್ನೂ ಉಂಟಾ?" ಎಂದು ಕೇಳುತ್ತಿದ್ದರು. ಉಂಟು, ನಿಮ್ಮನ್ನು ಕೇಳಿದರು ಎಂದರೆ, "ನಾನು ಕೇಳ್ಲಿಲ್ಲ ಅಂತ ಹೇಳು" ಎನ್ನುತ್ತಿದ್ದರು. ನನಗೇನು ಬೇರೆ ಕೆಲಸವಿಲ್ಲವೇ? ಒಬ್ಬರಿಗೆ ಮೊಣಕಾಲು, ಒಬ್ಬರಿಗೆ ಎದೆಯ ಆಪರೇಷನ್ ಆಗಿದೆ. ಇಬ್ಬರಲ್ಲಿ ಒಬ್ಬರು ಹೀಗೇ ಹೋಗಿಬಿಟ್ಟರೆ ಉಳಿದವರು ಆ ಮಾತನ್ನು ಎಲ್ಲಿಟ್ಟುಕೊಳ್ಳುತ್ತಾರೆ? ಇದನ್ನು ಯೋಚಿಸಿ ನನಗೆ ನಿದ್ದೆ ಕೆಡುತ್ತಿತ್ತು, ಅವರಿಬ್ಬರೂ ಚೆನ್ನಾಗಿ ನಿದ್ದೆ ಮಾಡುತ್ತಿದ್ದರು.

ಇರಲಿ, ಸ್ಪೀಕರಿನ ವಿಷಯಕ್ಕೆ ಬರುತ್ತೇನೆ. ಎಲ್ಲಕ್ಕಿಂತ ನನಗೆ ಇಷ್ಟವಾದ ಒಂದು ಸಿನಿಮಾ ಉಂಟು, ಹಳೆಯ ಕಪ್ಪು ಬಿಳುಪಿನದು. ಹೆಸರು ಹೇಳುವುದಿಲ್ಲ. ಹೇಳಿದರೆ ನೀವು ಮೊಬೈಲಿನಲ್ಲಿ ಓಡಿಸಿ ಓಡಿಸಿ ನೋಡಿ, "ಇದ್ರಲ್ಲೇನಿದೆ?" ಎಂದು ಕೇಳುತ್ತೀರಿ. ಅಷ್ಟು ತಾಳ್ಮೆ ನನಗಿಲ್ಲ. ಗುಡ್ಡದ ಮೇಲೆ ಸಿಕ್ಕಿಬಿದ್ದ ಒಂದು ತುಕಡಿ. ಬಹಳ ಹೊತ್ತಿನ ಗುಂಡಿನ ಚಕಮಕಿ. ಆಮೇಲೆ ಎಲ್ಲ ನಿಲ್ಲುತ್ತದೆ. ಮಾತಿಲ್ಲ, ಸಂಗೀತವಿಲ್ಲ. ಒಂದು ಹಕ್ಕಿ ಕೂಗುತ್ತದೆ. ಯಾರೋ ನೀರಿನ ಬಾಟಲಿಯ ಮುಚ್ಚಳ ತಿರುಗಿಸುತ್ತಾನೆ, ಆ ಸದ್ದು ಕೇಳಬೇಕು. ನಾವು ಉಸಿರು ಬಿಟ್ಟು, ಸದ್ಯ ಉಳಿದರು ಎಂದುಕೊಳ್ಳುವಾಗ ಎರಡು ಗುಂಡು. ಒಂದು, ಸ್ವಲ್ಪ ತಡೆದು ಇನ್ನೊಂದು. ಆ ಹಕ್ಕಿ, ಆ ಮುಚ್ಚಳ ನಮ್ಮ ಹಳೆಯ ಟಿವಿಯಲ್ಲಿ ಕೇಳುತ್ತಲೇ ಇರಲಿಲ್ಲ. ಅವಕ್ಕಾಗಿಯೇ ನಾನು ಸ್ಪೀಕರ್ ತಂದದ್ದು. ಮೌನ ಕೇಳಲು ಇಷ್ಟು ದೊಡ್ಡ ಸ್ಪೀಕರ್ ತಂದವರನ್ನು ಎಲ್ಲೂ ನೋಡಿಲ್ಲ ಎಂದು ಸರೋಜ ಹೇಳಿದಳು.

ಪಿಕಿಂಗ್ ಕಾಲದ ಒಂದು ಭಾನುವಾರ. ನಮ್ಮ ಸ್ವಂತದ ತುಂಡು ತೋಟದ ಕಾಫಿ ಅಂಗಳದ ತುಂಬ ಒಣಗುತ್ತಿತ್ತು. ದನ ಬಂದರೆ ಓಡಿಸಬೇಕಲ್ಲ, ಟಿವಿಯನ್ನೂ ಸ್ಪೀಕರನ್ನೂ ಜಗಲಿಗೇ ತಂದಿದ್ದೆ. ಚಂಗಪ್ಪಜ್ಜನ ಮನೆಯವರೆಲ್ಲ ಪೊನ್ನಂಪೇಟೆಗೆ ಮದುವೆಗೆ ಹೋಗಿದ್ದರು. ಅಜ್ಜ ನಮ್ಮಲ್ಲೇ ಊಟ ಮಾಡಿ ಈಸಿ ಚೇರಿನಲ್ಲಿ ಕೂತರು. ಸರೋಜ ಹಿತ್ತಲಿನಲ್ಲಿ ಬಟ್ಟೆ ಒಗೆಯುತ್ತಿದ್ದಳು. ಗುಂಡಿನ ಚಕಮಕಿ ಮುಗಿಯುವವರೆಗೆ ಅವಳಿಗೆ ಹೆದರಿ ಸೌಂಡು ಸಣ್ಣಗೇ ಇಟ್ಟಿದ್ದೆ. ಅಜ್ಜ ಪದ್ಧತಿಯಂತೆ ನಿದ್ದೆ ಹೋದರು. ನನ್ನ ಮೌನ ಹತ್ತಿರ ಬಂತು. ಸ್ಪೀಕರಿನ ಗುಂಡಿಯನ್ನು ಪೂರ್ತಿ ತಿರುಗಿಸಿದೆ. ಹಕ್ಕಿ ಕೂಗಿತು. ಆಹಾ! ಮುಚ್ಚಳ ತಿರುಗಿತು. ಢಂ! ಸ್ವಲ್ಪ ತಡೆದು ಇನ್ನೊಂದು, ಢಂ!

ಕರೆಂಟು ಹೋಯಿತು.

ನಮ್ಮ ಕರೆಂಟಿಗೆ ಎಷ್ಟು ಬೈದರೂ ಸಾಲದು. ಮಳೆಗಾಲದಲ್ಲಿ ಹೋದರೆ ಮರ ಬಿತ್ತು ಎನ್ನುತ್ತಾರೆ, ಬೇಸಿಗೆಯಲ್ಲಿ ಹೋದರೆ ಮರ ಕಡಿಯುತ್ತಿದ್ದಾರೆ ಎನ್ನುತ್ತಾರೆ. ನಮ್ಮ ಮನೆಯದು ಮಾತ್ರ ಹೋಯಿತೋ ಊರಿನದೇ ಹೋಯಿತೋ ನೋಡೋಣವೆಂದು ಶಪಿಸುತ್ತಾ ಹಿಂದುಗಡೆಯ ಫ್ಯೂಸಿನ ಹತ್ತಿರ ಹೋದೆ. ಅಲ್ಲಿ ತಂತಿ ಕಟ್ಟುವುದರಲ್ಲಿ ಸುಮಾರು ಹೊತ್ತು ಹೋಯಿತು.

ಇಲ್ಲಿ ನಮ್ಮ ಕಡೆಯವರಲ್ಲದವರಿಗೆ ಒಂದು ವಿಷಯ ಹೇಳಬೇಕು. ಕೊಡವರ ಮನೆಯಲ್ಲಿ ಸಾವಾದರೆ ಕೋವಿಯಿಂದ ಎರಡು ಗುಂಡು ಹಾರಿಸುತ್ತಾರೆ, ಒಂದರ ಹಿಂದೆ ಒಂದು. ಊರಿಗೆ ಅದೇ ಸುದ್ದಿ. ಒಂದೇ ಗುಂಡು ಕೇಳಿದರೆ ಮಂಗ ಓಡಿಸುತ್ತಿರಬೇಕೆಂದು ಯಾರೂ ತಲೆಯೆತ್ತುವುದಿಲ್ಲ. ಎರಡು ಕೇಳಿತೋ, ಕೈಯ ಕೆಲಸ ಅಲ್ಲೇ ಬಿಟ್ಟು ಯಾವ ದಿಕ್ಕಿನಿಂದ ಎಂದು ನೋಡಿ ಬಿಳಿ ಬಟ್ಟೆ ಉಟ್ಟು ಹೊರಡುತ್ತಾರೆ. ಮದುವೆಗೆ ಕರೆಯಬೇಕು, ಸಾವಿಗೆ ಕರೆಯಬೇಕಾಗಿಲ್ಲ. ಇದೆಲ್ಲ ಹುಟ್ಟಿದಾಗಿನಿಂದ ನನಗೆ ಗೊತ್ತು. ಆ ಹೊತ್ತಿನಲ್ಲಿ ಹೊಳೆಯಬೇಕಲ್ಲ? ಹೊಳೆಯಲಿಲ್ಲ.

ಫ್ಯೂಸು ಕಟ್ಟಿದರೂ ಕರೆಂಟು ಬರಲಿಲ್ಲ, ಮುಂದುಗಡೆ ಬಂದು ನೋಡುತ್ತೇನೆ, ಅಂಗಳದ ತುಂಬ ಬಿಳಿ ಬಟ್ಟೆಯ ಜನ! ನನ್ನ ಕಾಫಿಯ ಮೇಲೆ! ಚಪ್ಪಲಿ ಬಿಚ್ಚಿದ್ದರು ಪುಣ್ಯಕ್ಕೆ. ಅವರ ಲೆಕ್ಕ ಹೀಗೆ: ಗುಂಡಿನ ಸದ್ದು ನಮ್ಮ ದಿಬ್ಬದಿಂದ ಬಂತು, ದಿಬ್ಬದಲ್ಲಿ ಕೋವಿ ಇರುವುದು ಚಂಗಪ್ಪಜ್ಜನ ಮನೆಯಲ್ಲಿ ಮಾತ್ರ. ಅಲ್ಲಿಗೆ ಹೋದರೆ ಬಾಗಿಲಿಗೆ ಚಿಲಕ, ಒಳಗೆ ಯಾರೂ ಇಲ್ಲ. ಮೇಲಿನಿಂದ ಬಗ್ಗಿ ನೋಡಿದರೆ ಅಜ್ಜ ನಮ್ಮ ಜಗಲಿಯಲ್ಲಿ ಕಣ್ಣು ಮುಚ್ಚಿ, ಬಾಯಿ ತೆರೆದು ಮಲಗಿದ್ದಾರೆ. ಗೊರಕೆ ಏಕೆ ಕೇಳಲಿಲ್ಲ ಎನ್ನುತ್ತೀರಾ? ಸದ್ದು ನಿಂತ ಕೂಡಲೇ ಅವರಿಗೆ ಎಚ್ಚರವಾಗುತ್ತದೆ ಎಂದು ನಾನು ಆಗಲೇ ಹೇಳಿದೆನಲ್ಲ. ಎಚ್ಚರವಾಗಿತ್ತು. ಸುತ್ತ ಗುಸುಗುಸು ಕೇಳಿ, ಏನು ನಡೆಯುತ್ತದೋ ನೋಡೋಣವೆಂದು ಕಣ್ಣು ಮುಚ್ಚಿಕೊಂಡೇ ಇದ್ದರು, ಕಿಲಾಡಿ ಮುದುಕ!

ಮುಟ್ಟಿ ನೋಡಲು ಯಾರಿಗೂ ಧೈರ್ಯವಿಲ್ಲ. ಆದರೆ ಊರಿನ ವಾಟ್ಸಾಪ್ ಗುಂಪು ನಡೆಸುವ ಮುತ್ತಪ್ಪ ಮಾತ್ರ ಮೊಬೈಲ್ ಹಿಡಿದಿದ್ದ. "ಹಾಕ್ದೆ ರೈಟ್ರೇ, ಓಂ ಶಾಂತಿ ಅಂತ ಹಾಕ್ದೆ. ಪೊನ್ನಂಪೇಟೆಗೂ ಮುಟ್ಟಿರ್ತದೆ" ಎಂದು ಪಿಸುಗುಟ್ಟಿದ. ಅಜ್ಜನ ಯೂನಿಫಾರ್ಮ್ ಫೋಟೋಕ್ಕೆ ಹೂವಿನ ಚೌಕಟ್ಟು ಕೂಡ ಕಟ್ಟಿ ಹಾಕಿದ್ದ. ಸಾವಲ್ಲ ಮಾರಾಯಾ, ಸಿನಿಮಾ, ಎಂದು ಹೇಳಲು ಬಾಯಿ ತೆರೆದೆ.

ಅಷ್ಟರಲ್ಲಿ ಜನ ಎರಡು ಪಾಲಾಗಿ ದಾರಿ ಬಿಟ್ಟರು. ಬೆಳ್ಯಪ್ಪಜ್ಜ ಏರು ಹತ್ತಿ ಬಂದಿದ್ದರು. ಎದೆ ಆಪರೇಷನ್ ಆದವರು, ಏದುಸಿರು ಬಿಡುತ್ತಿದ್ದರು. ಬಿಳಿ ಅಂಗಿಯ ಗುಂಡಿ ಮೇಲೆ ಕೆಳಗೆ ಹಾಕಿದ್ದರು. ಯಾರನ್ನೂ ನೋಡದೆ ನೇರ ಚೇರಿನ ಮುಂದೆ ಬಂದು ನಿಂತರು. ಅವರು ಆಡಿದ್ದು ಕೊಡವ ತಕ್ಕಿನಲ್ಲಿ, ನನಗೆ ತಿಳಿದಷ್ಟನ್ನು ನಮ್ಮ ಕನ್ನಡದಲ್ಲಿ ಹೇಳುತ್ತೇನೆ.

"ಚಂಗಪ್ಪ," ಎಂದರು. "ನಾನು ಬಿಟ್ಟು ಹೋದೆ ಅಂತ ಊರಿಗೆಲ್ಲ ಹೇಳ್ದೆ ನೀನು. ಹೇಳು, ಬಿಟ್ಟು ಹೋದದ್ದು ನಿಜ. ಆದ್ರೆ ನಾನು ವಾಪಸ್ ಬಂದೆ ಅಲ್ವಾ? ಅದನ್ನ ಯಾಕೆ ಒಬ್ಬನಿಗೂ ಹೇಳ್ಲಿಲ್ಲ? ಈಗ ಯಾರು ಹೇಳ್ತಾರೆ? ನೀನೊಬ್ಬನೇ ಇದ್ದದ್ದು ಅಲ್ಲಿ." ಅಂಗಿಯ ತುದಿಯಲ್ಲಿ ಕಣ್ಣು ಒರೆಸಿಕೊಂಡರು. ನನ್ನ ಕಣ್ಣೂ ತುಂಬಿತು, ಸುಳ್ಳು ಯಾಕೆ ಹೇಳಲಿ.

"ನೀ ಬಂದೆ ಮಾರಾಯ," ಎಂದಿತು ಹೆಣ, ಕಣ್ಣು ತೆರೆಯದೆ. "ಆದ್ರೆ ಲೇಟ್."

ಹೆಂಗಸರು ಚೀರಿದರು. ಮುತ್ತಪ್ಪನ ಮೊಬೈಲು ಕಾಫಿಯ ಮೇಲೆ ಬಿತ್ತು. ಬೆಳ್ಯಪ್ಪಜ್ಜ ಎರಡು ಹೆಜ್ಜೆ ಹಿಂದಕ್ಕೆ ಸರಿದರು. ಹೆದರಿಕೆ ಇಳಿದದ್ದೇ ಸಿಟ್ಟು ಏರಿತು ನೋಡಿ! "ಸಾಯ್ಲಿಲ್ವಾ ನೀನು? ಸಾಯದಿದ್ದವನಿಗೆ ಎಂತಕ್ಕೆ ಎರಡು ಗುಂಡು? ಹಾರಿಸಿದ್ದು ಯಾರು?"

ಇಡೀ ಅಂಗಳ ನನ್ನ ಕಡೆ ತಿರುಗಿತು. ಸಿನಿಮಾ ಎಂದೆ. ಹಕ್ಕಿ, ನೀರಿನ ಬಾಟಲಿ, ಮುಚ್ಚಳ ಎಂದು ವಿವರಿಸಲು ನೋಡಿದೆ. ಅದೇ ಗಳಿಗೆಗೆ ಕರೆಂಟು ಬರಬೇಕೆ? ಟಿವಿ ತಾನಾಗಿ ಹೊತ್ತಿಕೊಂಡು, ಪೂರ್ತಿ ತಿರುಗಿಸಿದ್ದ ಸ್ಪೀಕರಿನಿಂದ ಮೆಷಿನ್‌ಗನ್ ಶುರುವಾಯಿತು. ಒದ್ದೆ ಕೈಯಲ್ಲೇ ಹಿತ್ತಲಿನಿಂದ ಓಡಿ ಬಂದ ಸರೋಜ ವಯರು ಹಿಡಿದು ಎಳೆದಳು. ಆಮೇಲೆ ನನಗೆ ಬಿದ್ದ ಬೈಗುಳಗಳು ಕನ್ನಡ, ಕೊಡವ ತಕ್ಕು, ಅರೆಭಾಷೆ, ಮಲಯಾಳಂ, ಎಲ್ಲದರಲ್ಲೂ ಇದ್ದವು. "ವಯಸ್ಸಾಗಿ ಎಂತ ಬುದ್ಧಿ ರೈಟ್ರೇ ನಿಮ್ಗೆ?" ಎಂದು ಮುತ್ತಪ್ಪ ಕೂಡ ಕೇಳಿದ, ವಿಚಾರಿಸದೆ ಜೀವಂತ ಮನುಷ್ಯನಿಗೆ ಹೂವಿನ ಚೌಕಟ್ಟು ಕಟ್ಟಿದವನು!

ಆದರೆ ಅವನೇ ಬೆಳ್ಯಪ್ಪಜ್ಜನನ್ನು ಕೇಳಿದ: "ಎಲ್ಲಿಗೆ ಅಜ್ಜ ನೀವು ವಾಪಸ್ ಬಂದದ್ದು?"

ಚಂಗಪ್ಪಜ್ಜ ಚೇರಿನ ಕೈ ಹಿಡಿದು ಎದ್ದು ನಿಂತರು. ಈಗ ಕನ್ನಡದಲ್ಲಿ ಮಾತಾಡಿದರು, ಎಲ್ಲರಿಗೂ ತಿಳಿಯಬೇಕೆಂದೋ ಏನೋ. ದನಿ ಸಿಡಿಸಿಡಿ ಎನ್ನುತ್ತಿತ್ತು. "ಎಲ್ಲಿಗೆ ಅಂದ್ರೆ? ನನ್ನ ಹತ್ರ. ನಂಗೆ ಗುಂಡು ಬಿದ್ದಿತ್ತು. ನಾನೇ ಹೋಗು ಅಂದೆ. ಹೋದ. ಹೋದವ ಬರ್ಬೇಕು ಅಂತ ಎಂತ ಇತ್ತು? ಯಾರೂ ಬಾ ಅಂದಿರ್ಲಿಲ್ಲ ಅವನಿಗೆ. ಬೆಳಗಾಗುವಾಗ ಬಂದ. ಬೆನ್ನ ಮೇಲೆ ಹಾಕ್ಕೊಂಡು ಇಡೀ ಗುಡ್ಡ ಇಳಿಸ್ದ. ನಿದ್ದೆ ಮಾಡಿದ್ರೆ ಸತ್ತೇ ಹೋಗ್ತೀಯ, ಹಾಡು ನಾಯಿ, ಹಾಡು ಅಂತ ದಾರಿ ಉದ್ದ ಬೈದ. ನಾನು ಹಾಡಿದೆ. ಸಿನಿಮಾದಲ್ಲಿ ಬಿಟ್ಟು ಹೋಗುವವ ಹಾಡ್ತಾನೆ. ನಮ್ಮಲ್ಲಿ ಹಾಡಿದ್ದು ನಾನು, ಇವನ ಬೆನ್ನ ಮೇಲೆ." ಆಮೇಲೆ, "ಅದನ್ನ ನಾನು ಟಾಕೀಸಿನಲ್ಲಿ ಹೇಳ್ಬೇಕಿತ್ತು. ಹೇಳ್ಲಿಲ್ಲ" ಎಂದರು.

"ಅದೆಂತ ಹಾಡು!" ಎಂದರು ಬೆಳ್ಯಪ್ಪಜ್ಜ, ಗೇಟಿನ ಕಡೆ ನೋಡಿಕೊಂಡು. "ಆ ಸ್ವರ ಕೇಳಿ ಅಲ್ಲೇ ಇಳಿಸಿ ಹೋಗುವಾಂತ ಅನ್ನಿಸ್ತು."

ಯಾರೂ ನಗಲಿಲ್ಲ. ನಗಬೇಕೋ ಬೇಡವೋ ಗೊತ್ತಾಗಲಿಲ್ಲ. ಮುತ್ತಪ್ಪ ನೆಲದಿಂದ ಮೊಬೈಲು ಹೆಕ್ಕಿ ಧೂಳು ಒರೆಸುತ್ತಾ ತಲೆ ತಗ್ಗಿಸಿದ್ದ. ಆ ಅಡ್ಡಹೆಸರನ್ನು ಅವನೂ ಎಷ್ಟು ಸಲ ಕೂಗಿ ಹೇಳಿದ್ದನೋ. ನಾನೂ ಹೇಳಿದ್ದೇನೆ. ಹೊಸಬರಿಗೆ ದಾರಿ ತೋರಿಸುವಾಗ ಹೇಳದವರು ನಮ್ಮ ಊರಿನಲ್ಲಿ ಯಾರಿದ್ದಾರೆ?

ಸರೋಜ ಕಾಫಿ ತರುತ್ತೇನೆಂದಳು. ಸಾವಿನ ಮನೆಗೆಂದು ಬಂದವರು ಕಾಫಿ ಕುಡಿಯುವುದು ಹೇಗೆ ಎಂದು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸಾವಿಲ್ಲದ ಮನೆಯಲ್ಲಿ ಕುಡಿಯದೆ ಹೋಗುವುದು ಹೇಗೆ ಎಂದೂ ನೋಡಿಕೊಂಡರು. ಕೊನೆಗೆ ಯಾರೂ ಕುಡಿಯಲಿಲ್ಲ. ಸಾವಿನ ಮನೆಯಿಂದ ಹೊರಡುವಾಗ 'ಬರ್ತೇನೆ' ಎಂದು ಹೇಳಬಾರದು, ಎದ್ದು ಸುಮ್ಮನೆ ನಡೆಯಬೇಕು. ಉಟ್ಟ ಬಟ್ಟೆಯ ಅಭ್ಯಾಸಕ್ಕೋ ಏನೋ, ಬಂದವರೆಲ್ಲ ಹಾಗೇ ಒಬ್ಬೊಬ್ಬರಾಗಿ ಮಾತಿಲ್ಲದೆ ಹೊರಟರು, ನನ್ನ ಕಾಫಿಯನ್ನು ಇನ್ನೊಮ್ಮೆ ತುಳಿದುಕೊಂಡು. ಬೆಳ್ಯಪ್ಪಜ್ಜನೂ ಮಾತಿಲ್ಲದೆ ಹೊರಟರು. ಗೇಟು ದಾಟಿದರು. ಇಳಿಜಾರಿನಲ್ಲಿ ತಲೆ ಮಾತ್ರ ಕಾಣುತ್ತಿತ್ತು.

ತನ್ನ ಸಾವಿಗೇ ಹೆದರದೆ ಕಣ್ಣು ಮುಚ್ಚಿ ಮಜಾ ನೋಡಿದ ಚಂಗಪ್ಪಜ್ಜನ ಮುಖ ಈಗ ಬಿಳಿಚಿಕೊಂಡಿತು. "ಹೋದ," ಎಂದರು ನನಗೆ. "ಹೇಳದೆ ಹೋದ."

ನನಗೆ ತಡೆಯಲಾಗಲಿಲ್ಲ. ಕರೆಯಿರಿ ಅಜ್ಜ, ಬಾಯಿ ಬಿಟ್ಟು ಕರೆಯಿರಿ, ಇನ್ನು ಎಷ್ಟು ಭಾನುವಾರ ಉಳಿದಿದೆ ನಿಮಗೆ, ಎಂದು ಗದರಿಸಿಬಿಟ್ಟೆ. ಅವರು ಕರೆಯಲಿಲ್ಲ. ಚೇರಿನ ಬೆನ್ನು ಹಿಡಿದು ನಿಂತೇ ಇದ್ದರು.

ಇಳಿಜಾರಿನಲ್ಲಿ ಆ ತಲೆ ನಿಂತಿತು. ಬೆಳ್ಯಪ್ಪಜ್ಜ ತಿರುಗಿದರು. ಏರು ಹತ್ತಿ, ಎದೆ ಹಿಡಿದುಕೊಂಡು, ಮತ್ತೆ ಗೇಟಿನವರೆಗೆ ಬಂದರು. ಒಳಗೆ ಕಾಲಿಡಲಿಲ್ಲ. ಗೇಟಿನ ಆಚೆ ನಿಂತು, ಬೈಯುವವರ ಹಾಗೆ ಕಿರುಚಿದರು:

"ಬರ್ತೇನೆ!"

"ಬಾ" ಎಂದರು ಚಂಗಪ್ಪಜ್ಜ. ಪಕ್ಕದಲ್ಲಿದ್ದ ನನಗೇ ಸರಿಯಾಗಿ ಕೇಳಲಿಲ್ಲ. ಗಂಟಲು ಸರಿಮಾಡಿಕೊಂಡು ಊರಿಗೆಲ್ಲ ಕೇಳುವ ಹಾಗೆ ಇನ್ನೊಮ್ಮೆ ಹೇಳಿದರು: "ಬಾ ಮಾರಾಯ, ಬಾ."